ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಅಕ್ಕಾ, ಈ ಪುಸ್ತಕವನ್ನು ಒಂದು ಗಳಿಗೆ ಕೆಳಗಿಡಿ. ಮನೆಯ ಹಿಂದಕ್ಕೆ ಹೋಗಿ. ಬಚ್ಚಲ ತೂಬಿನ ಹತ್ತಿರ ನಿಂತು ನೋಡಿ. ನೀರು ಎಲ್ಲಿಗೆ ಹೋಗುತ್ತಿದೆ?

ಕೆಲವರ ಮನೆಯಲ್ಲಿ ಅದು ಗೋಡೆಯ ಪಕ್ಕದಲ್ಲೇ ನಿಲ್ಲುತ್ತದೆ. ಕಪ್ಪು ಕೆಸರು. ಕೆಟ್ಟ ನಾತ. ಗೋಡೆಯ ಬುಡ ತೇವ ಹಿಡಿಯುತ್ತದೆ. ಕೆಲವರ ಮನೆಯಲ್ಲಿ ಬೀದಿಗೆ ಹರಿಯುತ್ತದೆ. ಇನ್ನು ಕೆಲವರ ಮನೆಯಲ್ಲಿ ಪಕ್ಕದ ಮನೆಯ ಹಿತ್ತಲಿಗೆ ಹೋಗುತ್ತದೆ. ಆಗ ಮಾತು ಶುರುವಾಗುತ್ತದೆ.

“ಅಕ್ಕಾ, ನಿಮ್ಮ ಬಚ್ಚಲ ನೀರು ನಮ್ಮ ಅಡುಗೆ ಮನೆ ಗೋಡೆಗೆ ಬರ್ತಾ ಇದೆ. ರಾತ್ರಿಯೆಲ್ಲ ಸೊಳ್ಳೆ ಕಾಟ. ಮಗು ನಿದ್ದೆ ಮಾಡಲ್ಲ.”

“ನಾನೇನು ಮಾಡ್ಲವ್ವಾ? ನೀರು ತಗ್ಗಿಗೆ ತಾನೇ ಹರಿಯೋದು? ನಿಮ್ಮ ಮನೆ ತಗ್ಗಲ್ಲಿದೆ.”

“ತಗ್ಗಲ್ಲಿದ್ರೆ ನಿಮ್ಮ ಕೊಳೆ ನಾವು ಹೊರಬೇಕಾ?”

ಇಂಥ ಮಾತು ಯಾವ ಊರಲ್ಲಿ ಇಲ್ಲ? ಇಬ್ಬರ ಮಾತೂ ನಿಜವೇ. ನೀರು ತಗ್ಗಿಗೇ ಹರಿಯುತ್ತದೆ. ಆದರೆ ಅದಕ್ಕೆ ದಾರಿ ತೋರಿಸಬಹುದು. ಗದ್ದೆಗೆ ನೀರು ಕಟ್ಟುವಾಗ ನಾವು ಮಾಡುವುದು ಅದೇ ಅಲ್ಲವೇ?

ಮೊದಲು ಒಂದು ಲೆಕ್ಕ ಮಾಡೋಣ. ಮನೆಯಲ್ಲಿ 5 ಜನ ಇದ್ದಾರೆ. ಒಬ್ಬೊಬ್ಬರು ಸ್ನಾನಕ್ಕೆ 2 ಬಕೆಟ್ ನೀರು ಬಳಸುತ್ತಾರೆ. ಒಂದು ಬಕೆಟ್‌ಗೆ 15 ಲೀಟರ್. ಒಟ್ಟು ಎಷ್ಟಾಯಿತು? 150 ಲೀಟರ್. ಅಂದರೆ ಸುಮಾರು 10 ಕೊಡ. ದಿನವೂ 10 ಕೊಡ ನೀರು! ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ನಲ್ಲಿಯ ಮುಂದೆ ಎಷ್ಟು ಹೊತ್ತು ಕಾಯುತ್ತೀರಿ! ಆ ನೀರನ್ನು ಸೊಂಟದ ಮೇಲೆ ಹೊತ್ತು ತಂದವರು ಯಾರು? ನೀವೇ. ಹಾಗೆ ತಂದ ನೀರು ಕೆಸರಾಗಿ ಸೊಳ್ಳೆ ಸಾಕುತ್ತಿದೆ. ಅದೇ ನೀರಲ್ಲಿ ಎರಡು ಬಾಳೆ, ಒಂದು ನುಗ್ಗೆ, ಒಂದು ಪರಂಗಿ, ಒಂದು ಬಸಳೆ ಚಪ್ಪರ ಚೆನ್ನಾಗಿ ಬೆಳೆಯುತ್ತವೆ.

ಹೇಗೆ ಮಾಡುವುದು? ಒಂದು ಗುದ್ದಲಿ, ಒಂದು ಬಾಂಡಲಿ ಸಾಕು. ಬೇಕಾದುದು ಎರಡು ದಿನದ ಕೆಲಸ. ಗುಂಡಿ ತೋಡುವ ಕೆಲಸವನ್ನು ಮನೆಯ ಗಂಡಸರಿಗೆ ಹೇಳಿ. ನೀರು ಹೊರುವುದು ನಿಮ್ಮ ಪಾಲಿಗೆ ಬಂದಿದೆ. ಗುಂಡಿಯಾದರೂ ಅವರ ಪಾಲಿಗೆ ಇರಲಿ.

ತೂಬಿನಿಂದ ಎರಡು ಮಾರು ದೂರದಲ್ಲಿ ಒಂದು ಸಣ್ಣ ಗುಂಡಿ ತೋಡಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಅಡಿಗೆ ದಪ್ಪ ಕಲ್ಲು ಹಾಕಿ. ಅದರ ಮೇಲೆ ಒಡೆದ ಹೆಂಚು, ಇಟ್ಟಿಗೆ ಚೂರು. ಮೇಲೆ ಸಣ್ಣ ಜಲ್ಲಿ. ತೂಬಿನಿಂದ ಗುಂಡಿಗೆ ಕಾಲುವೆ ತೆಗೆಯಿರಿ. ಒಂದು ಮಾರು ಉದ್ದಕ್ಕೆ ಎರಡು ಬೆರಳು ಇಳಿಜಾರು ಇರಲಿ. ಇಳಿಜಾರು ಸರಿ ಇದೆಯೋ ಇಲ್ಲವೋ? ಒಂದು ಚೊಂಬು ನೀರು ಸುರಿದು ನೋಡಿ. ನೀರೇ ಹೇಳುತ್ತದೆ.

ಈ ಗುಂಡಿಯಲ್ಲಿ ಕೂದಲು, ಸೋಪಿನ ಜಿಡ್ಡು, ಕಸ ನಿಲ್ಲುತ್ತವೆ. ನೀರು ಮಾತ್ರ ಮುಂದಕ್ಕೆ ಹೋಗುತ್ತದೆ. ಕಲ್ಲಿನ ಸಂದಿಯಲ್ಲಿ ಇಳಿದ ನೀರಿಗೆ ಸೊಳ್ಳೆ ಬರುವುದಿಲ್ಲ. ಸೊಳ್ಳೆಗೆ ತೆರೆದು ನಿಂತ ನೀರು ಬೇಕು. ಹದಿನೈದು ದಿನಕ್ಕೊಮ್ಮೆ ಮೇಲಿನ ಜಲ್ಲಿ ತೆಗೆದು ತೊಳೆಯಿರಿ. ಇಷ್ಟನ್ನು ಮರೆತರೆ ಗುಂಡಿ ಕಟ್ಟಿಕೊಳ್ಳುತ್ತದೆ. ಮತ್ತೆ ಅದೇ ಕೆಸರು.

ಗುಂಡಿಯ ಆಚೆ ಕಡೆಯಿಂದ ಇನ್ನೊಂದು ಕಾಲುವೆ ತೆಗೆಯಿರಿ. ಅದು ಗಿಡಗಳ ಪಾತಿಗೆ ಹೋಗಲಿ. ಮೊದಲು ಬಾಳೆ. ಬಾಳೆ ಎಷ್ಟು ನೀರು ಕೊಟ್ಟರೂ ಕುಡಿಯುತ್ತದೆ. ಎರಡು ಬಾಳೆ ಕಂದು ನೆಡಿ. ನಡುವೆ ಆರು ಅಡಿ ಬಿಡಿ. ಕಾಲುವೆಯ ಅಂಚಿಗೆ ಕೆಸುವಿನ ಗೆಡ್ಡೆ ಊರಿ. ಕಾಲುವೆಯಲ್ಲಿ ಕವಲು ಮಾಡಿದರೆ ಇನ್ನೂ ಅನುಕೂಲ. ಇವತ್ತು ನೀರು ಬಾಳೆಗೆ. ಒಂದು ಹೆಂಟೆ ಅಡ್ಡ ಇಟ್ಟರೆ ನಾಳೆ ನುಗ್ಗೆಗೆ. ಒಂದೇ ಕಡೆ ದಿನವೂ ಬಿಟ್ಟರೆ ಬೇರು ಕೊಳೆಯುತ್ತದೆ.

“ಸೋಪಿನ ನೀರಿಗೆ ಗಿಡ ಸಾಯಲ್ವಾ?” ಎಂದು ನೀವು ಕೇಳಬಹುದು. ಮೈ ತೊಳೆದ ನೀರಿಗೆ ಸಾಯುವುದಿಲ್ಲ. ಬಟ್ಟೆ ಒಗೆದ ನೀರಿನಲ್ಲಿ ಉಪ್ಪಿನ ಅಂಶ ಹೆಚ್ಚು. ಸೋಪಿನ ಪುಡಿಯ ಮೊದಲ ನೀರನ್ನು ಗಿಡಕ್ಕೆ ಬಿಡಬೇಡಿ. ಜಾಲಿಸಿದ ನೀರನ್ನು ಬಿಡಿ. ಪಾತಿಯ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಕಂಡರೆ ನಾಲ್ಕು ದಿನ ಆ ನೀರು ನಿಲ್ಲಿಸಿ. ಒಳ್ಳೆ ನೀರು ಹಾಕಿ. ತಿಪ್ಪೆ ಗೊಬ್ಬರ ಕೊಡಿ. ಬ್ಲೀಚಿಂಗ್ ಪುಡಿ, ಫಿನಾಯಿಲ್ ಬೆರೆತ ನೀರು ಬೇಡವೇ ಬೇಡ. ಪಾಯಿಖಾನೆಯ ನೀರು ಈ ಕಾಲುವೆಗೆ ಎಂದಿಗೂ ಸೇರಬಾರದು. ಮಗುವಿನ ಕಕ್ಕದ ಬಟ್ಟೆ ಒಗೆದ ನೀರೂ ಅಷ್ಟೇ.

ಇನ್ನೊಂದು ಮಾತು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿಗೆ ಬಚ್ಚಲ ನೀರು ಬೇಡ. ಬೇಯಿಸಿ ತಿನ್ನುವುದಕ್ಕೆ ಸರಿ. ಆಗಲೂ ನೀರು ಬುಡಕ್ಕೆ ಹೋಗಲಿ. ಎಲೆಗೆ ತಾಗುವುದು ಬೇಡ.

ಕೆಲವು ಊರಲ್ಲಿ ಹಿತ್ತಲು ಬಲು ಚಿಕ್ಕದು. ಅಲ್ಲಿ ಇಂಗುಗುಂಡಿ ಒಳ್ಳೆಯದು. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ. ಒಳಗೆಲ್ಲ ಕಲ್ಲು ತುಂಬಿ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ಗೆ 50 ಅಡಿಯಾದರೂ ದೂರ ಇರಲಿ. ಗೋಡೆಗೆ ಅಂಟಿಸಿ ತೋಡಬೇಡಿ. ಪಾಯ ಕುಸಿಯುತ್ತದೆ. ಉದ್ಯೋಗ ಖಾತ್ರಿಯ ಹಣದಲ್ಲಿ ಎಷ್ಟೋ ಊರುಗಳಲ್ಲಿ ಬಚ್ಚಲು ಗುಂಡಿ ಮಾಡಿಸಿದ್ದಾರೆ. ಈಗ ಯಾವ ಯೋಜನೆಯಲ್ಲಿ ಹಣ ಸಿಗುತ್ತದೆ? ಪಂಚಾಯ್ತಿಗೆ ಹೋಗಿ ಕೇಳಿ. ಅರ್ಜಿ ನೀವೇ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!

ಸೊಳ್ಳೆಯ ವಿಷಯ ಇನ್ನೂ ಸ್ವಲ್ಪ ಇದೆ. ಕೊಳೆ ನೀರಿನ ಸೊಳ್ಳೆ ಬೇರೆ. ಡೆಂಗಿ ಜ್ವರ ತರುವ ಸೊಳ್ಳೆ ಬೇರೆ. ಅದು ತಿಳಿನೀರಲ್ಲಿ ಮೊಟ್ಟೆ ಇಡುತ್ತದೆ. ಡ್ರಮ್ಮು, ತೊಟ್ಟಿ, ಹಳೇ ಟೈರು, ತೆಂಗಿನ ಚಿಪ್ಪು, ಎಲ್ಲವೂ ಅದಕ್ಕೆ ಮನೆಯೇ. ಹಗಲಲ್ಲೇ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು ತೊಟ್ಟಿ ಬರಿದು ಮಾಡಿ, ಉಜ್ಜಿ ತೊಳೆದು, ಮುಚ್ಚಿಡಿ. ಹಿತ್ತಲಲ್ಲಿ ಬಿದ್ದ ಚಿಪ್ಪು ಬೋರಲು ಹಾಕಿ. ಕೆಸರು ಹೋಯಿತು ಎಂದು ಸುಮ್ಮನೆ ಕೂತರೆ ಡೆಂಗಿ ಹೋಗುವುದಿಲ್ಲ.

ಇನ್ನು ನುಗ್ಗೆ. ಹಿತ್ತಲಿಗೆ ಒಂದೇ ಗಿಡ ಎಂದರೆ ನುಗ್ಗೆಯನ್ನೇ ಹೇಳಬೇಕು. ಕಾಯಿಗಿಂತ ಸೊಪ್ಪಿಗೆ. 2019ರಿಂದ 2021ರವರೆಗೆ ಸರ್ಕಾರ ಮನೆಮನೆ ಸಮೀಕ್ಷೆ ಮಾಡಿಸಿತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ಹತ್ತಿರ ಹತ್ತಿರ ಅರ್ಧದಷ್ಟು! ಮೆಟ್ಟಿಲು ಹತ್ತಿದರೆ ಏದುಸಿರು. ತಲೆ ಸುತ್ತು. ಕಣ್ಣಿನ ಒಳರೆಪ್ಪೆ ಬಿಳಿಚು. ನಾವು ಇದನ್ನು “ದಣಿವು” ಎಂದು ತಳ್ಳಿಹಾಕುತ್ತೇವೆ. ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಕಣ್ಣಿಗೆ ಬೇಕಾದ ಸತ್ವವೂ ಇದೆ. ಸಾರಿಗೆ, ಪಲ್ಯಕ್ಕೆ, ರಾಗಿ ರೊಟ್ಟಿಗೆ ಹಾಕಿ. ಮೇಲೆ ನಿಂಬೆಹಣ್ಣು ಹಿಂಡಿ. ಹುಳಿ ಸೇರಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಹತ್ತುವುದಿಲ್ಲ. ಎಲ್ಲರಿಗೂ ಬಡಿಸಿ ಉಳಿದರೆ ತಿನ್ನುವುದು ಬೇಡ. ನಿಮ್ಮ ತಟ್ಟೆಗೂ ಮೊದಲೇ ಬಡಿಸಿಕೊಳ್ಳಿ, ಮಗಳ ತಟ್ಟೆಗೂ. ರಕ್ತ ತೀರಾ ಕಡಿಮೆ ಇದ್ದರೆ ಸೊಪ್ಪು ಒಂದೇ ಸಾಲದು. ಆಶಾ ಅಕ್ಕನನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ. ಕೊಟ್ಟ ಮಾತ್ರೆ ನುಂಗಿ.

ನುಗ್ಗೆ ನೆಡುವುದು ಸುಲಭ. ಮಳೆಗಾಲದ ಮೊದಲಲ್ಲಿ ಮೂರು ನಾಲ್ಕು ಅಡಿಯ ಕೊಂಬೆ ಊರಿ. ಮಣಿಕಟ್ಟಿನಷ್ಟು ದಪ್ಪ ಇರಲಿ. ಮನೆಯ ಮಾಡಿನಿಂದ ದೂರ ನೆಡಿ. ಅದರ ಕೊಂಬೆ ಮೆದು, ಗಾಳಿಗೆ ಮುರಿಯುತ್ತದೆ. ಮಳೆಗಾಲದಲ್ಲಿ ಕಂಬಳಿ ಹುಳವೂ ಬರುತ್ತದೆ. ಹೊಸ ಚಿಗುರು ಎದೆಮಟ್ಟಕ್ಕೆ ಬಂದಾಗ ತುದಿ ಚಿವುಟಿ. ಆಗ ಕವಲು ಒಡೆದು ಸೊಪ್ಪು ಕೈಗೆ ಎಟಕುತ್ತದೆ. ಏಣಿ ಬೇಡ.

ದಂಟು, ಹರಿವೆ ಬೀಜ ಚೆಲ್ಲಿದರೆ ತಿಂಗಳಿಗೆ ಸೊಪ್ಪು ಬರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ “ಅರ್ಕ ಸುಗುಣ” ಎಂಬ ದಂಟಿನ ತಳಿ ತಂದಿದೆ. ಅದನ್ನು ಕಿತ್ತು ಹಾಕುವುದಿಲ್ಲ. ಕೊಯ್ದಷ್ಟೂ ಚಿಗುರುತ್ತದೆ. ಕೋಳಿ, ಆಡು ಬರದ ಹಾಗೆ ಬೇಲಿ ಬೇಕು. ಗೊಬ್ಬರದ ಗಿಡದ ಕೊಂಬೆ ಊರಿದರೆ ಬೇಲಿಯೂ ಆಯಿತು, ಸೊಪ್ಪು ಗೊಬ್ಬರವೂ ಆಯಿತು. ಹಿತ್ತಲೇ ಇಲ್ಲದವರು ಹಳೇ ಸಿಮೆಂಟ್ ಚೀಲಕ್ಕೆ ಮಣ್ಣು ಗೊಬ್ಬರ ತುಂಬಿ ಬಸಳೆ ಬಳ್ಳಿ ಹಬ್ಬಿಸಿ.

ಈಗ ನೀವು ಮಾಡಿ

ನಿಮ್ಮ ಹಿತ್ತಲಿನ ಚಿತ್ರ ಬರೆಯಿರಿ. ಬಚ್ಚಲ ತೂಬು ಎಲ್ಲಿದೆ? ತಗ್ಗು ಯಾವ ಕಡೆ? ಬಾವಿ ಇದ್ದರೆ ಎಷ್ಟು ಅಡಿ ದೂರ? ಹೆಜ್ಜೆ ಹಾಕಿ ಅಳೆದು ಬರೆಯಿರಿ.

ನಿಮ್ಮ ಮನೆಯಲ್ಲಿ ಎಷ್ಟು ಜನ? ದಿನಕ್ಕೆ ಎಷ್ಟು ಲೀಟರ್ ಬಚ್ಚಲ ನೀರು ಹೋಗುತ್ತದೆ? ಒಂದು ತಿಂಗಳಿಗೆ ಎಷ್ಟು?

ಕಳೆದ ವಾರ ಸೊಪ್ಪು, ತರಕಾರಿಗೆ ಕೊಟ್ಟ ದುಡ್ಡು ಎಷ್ಟು? ಅದರಲ್ಲಿ ಯಾವುದನ್ನು ಹಿತ್ತಲಲ್ಲಿ ಬೆಳೆಯಬಹುದು? ಹೆಸರು ಬರೆಯಿರಿ.