ರೀಫ್ ಟ್ಯಾಂಕಿಗೆ ರಿಟರ್ನ್ ಪಂಪ್: ಬಾಕ್ಸಿನ ಮೇಲಿನ ಲೀಟರ್ ನಂಬಬೇಡಿ, ಹೆಡ್ ನೋಡಿ

ಅಡಿಕೆ ತೋಟಕ್ಕೆ ಪಂಪ್ ತರಲು ಹೋದರೆ ಅಂಗಡಿಯವರು ಮೊದಲು ಕೇಳುವುದು "ಹೆಡ್ ಎಷ್ಟು ಉಂಟು?" ಅಂತ. ಬಾವಿಯ ನೀರಿನ ಮಟ್ಟದಿಂದ ತೋಟದ ಎತ್ತರದ ಜಾಗಕ್ಕೆ ಎಷ್ಟು ಅಡಿ ಎನ್ನುವುದು ನಮಗೆಲ್ಲ ಬಾಯಿಪಾಠ. ಆದರೆ ಮನೆಯೊಳಗೆ ಸಮುದ್ರ ಮೀನಿನ ಟ್ಯಾಂಕ್ ಇಡುವಾಗ ಅದೇ ಲೆಕ್ಕ ಮರೆತುಹೋಗ್ತದೆ. ಬಾಕ್ಸಿನ ಮೇಲೆ "2000 ಲೀಟರ್" ಅಂತ ಇದ್ದರೆ ಅಷ್ಟೇ ನೋಡಿ ತರುತ್ತೇವೆ.

ರಿಟರ್ನ್ ಪಂಪಿನ ಕೆಲಸ ಎಂತ?

ರೀಫ್ ಟ್ಯಾಂಕಿನ ಕೆಳಗೆ ಇನ್ನೊಂದು ಸಣ್ಣ ಟ್ಯಾಂಕ್ ಇರುತ್ತದೆ. ಅದೇ ಸಂಪ್. ಮೇಲಿನ ನೀರು ತುಂಬಿ ತಾನಾಗಿ ಸಂಪಿಗೆ ಇಳಿಯುತ್ತದೆ. ಅಲ್ಲಿ ಶುದ್ಧವಾದ ನೀರನ್ನು ಪುನಃ ಮೇಲೆ ತಳ್ಳುವುದೇ ರಿಟರ್ನ್ ಪಂಪ್. ಇದು ದಿನಕ್ಕೆ 24 ಗಂಟೆ, ವರ್ಷಕ್ಕೆ 365 ದಿನ ಓಡಬೇಕು. ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತಾ ಹೋಗ್ತದೆ, ಮೀನು ಸಾಯ್ತವೆ.

ಲೆಕ್ಕ ಹೀಗೆ ಮಾಡಿ

ಫಳ್ನೀರಿನ ನಮ್ಮ ಮನೆಯ ಟ್ಯಾಂಕನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಉದ್ದ 120 ಸೆಂ.ಮೀ., ಅಗಲ 45 ಸೆಂ.ಮೀ., ನೀರು ಸುಮಾರು 220 ಲೀಟರ್. ಗಂಟೆಗೆ ಸುಮಾರು 5 ಸಲ ನೀರು ಸುತ್ತಿದರೆ ಧಾರಾಳ ಸಾಕು. ಅಂದರೆ 1100 ಲೀಟರ್. ಹವಳಕ್ಕೆ ಬೇಕಾದ ಅಲೆಗೆ ಬೇರೆ ವೇವ್‌ಮೇಕರ್ ಇಡಬೇಕು. ಆ ಕೆಲಸವನ್ನೂ ರಿಟರ್ನ್ ಪಂಪಿನ ತಲೆಗೆ ಕಟ್ಟಬೇಡಿ.

ಈಗ ಹೆಡ್ ಅಳೆಯಿರಿ. ಸಂಪಿನ ನೀರಿನ ಮೇಲ್ಮಟ್ಟದಿಂದ ಪೈಪಿನ ಅತಿ ಎತ್ತರದ ಜಾಗದವರೆಗೆ 1.3 ಮೀಟರ್. ಎರಡು ಎಲ್ಬೋ, ಒಂದು ವಾಲ್ವ್ ಉಂಟು. ಅವುಗಳ ತಡೆಗೆ ಇನ್ನು 0.3 ಮೀಟರ್ ಸೇರಿಸಿದೆ. ಒಟ್ಟು 1.6 ಮೀಟರ್.

ಬಾಕ್ಸಿನ ಮೇಲಿನ ಲೀಟರ್ ಹೆಡ್ ಸೊನ್ನೆ ಇದ್ದಾಗಿನ ಲೆಕ್ಕ. ಅದರಲ್ಲಿ ಬರೆದ ಗರಿಷ್ಠ ಹೆಡ್ ಮುಟ್ಟಿದರೆ ನೀರು ಒಂದು ಹನಿಯೂ ಬರುವುದಿಲ್ಲ. ಇವೆರಡರ ನಡುವೆ ಅಂದಾಜು ಮಾಡಿ:

- 2000 ಲೀಟರ್, ಗರಿಷ್ಠ ಹೆಡ್ 2 ಮೀಟರ್: 1.6 ಮೀಟರ್‌ನಲ್ಲಿ ಸುಮಾರು 400 ಲೀಟರ್ ಮಾತ್ರ. ಸಾಲದು.
- 3000 ಲೀಟರ್, ಗರಿಷ್ಠ ಹೆಡ್ 3 ಮೀಟರ್: ಸುಮಾರು 1400 ಲೀಟರ್. ಸಾಕು. ಹೆಚ್ಚಾದದ್ದನ್ನು ವಾಲ್ವಿನಲ್ಲಿ ತಗ್ಗಿಸಬಹುದು.

ಇದು ಒರಟು ಲೆಕ್ಕ. ಕಂಪನಿಯವರು ಕೊಡುವ ಹೆಡ್–ಫ್ಲೋ ನಕ್ಷೆ ಸಿಕ್ಕಿದರೆ ಅದನ್ನೇ ನೋಡಿ. ಪಂಪಿನ ಬಾಯಿಗಿಂತ ಸಣ್ಣ ಪೈಪ್ ಹಾಕಿದರೆ ನೀರು ಇನ್ನೂ ಕಡಿಮೆಯಾಗ್ತದೆ.

ಜೋಡಿಸಿದ ಮೇಲೆ ಪರೀಕ್ಷೆ ಸುಲಭ. ನೀರು ಬೀಳುವ ಎತ್ತರದಲ್ಲೇ 10 ಲೀಟರ್ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 36000 ಅನ್ನು ಸೆಕೆಂಡುಗಳಿಂದ ಭಾಗಿಸಿ. ಬಕೆಟ್ 33 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ ಸುಮಾರು 1090 ಲೀಟರ್.

ಉಪ್ಪುನೀರಿಗೆ ಯಾವ ಪಂಪ್?

ಕೂಲರ್ ಪಂಪ್, ತೋಟದ ಸಣ್ಣ ಪಂಪ್ ಬೇಡ. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ; ಹಿತ್ತಾಳೆಯಿಂದ ಬಿಡುವ ತಾಮ್ರ ಹವಳಕ್ಕೂ ಸೀಗಡಿಗೂ ವಿಷ. ಸೆರಾಮಿಕ್ ಶಾಫ್ಟ್ ಇರುವ, ಸಮುದ್ರ ನೀರಿಗೆ ಆಗ್ತದೆ ಎಂದು ಬರೆದಿರುವ ಪಂಪನ್ನೇ ಕೇಳಿ.

ವ್ಯಾಟ್ ಕೂಡ ನೋಡಿ. 45 ವ್ಯಾಟಿನ ಪಂಪ್ ತಿಂಗಳಿಗೆ 32.4 ಯೂನಿಟ್ ತಿನ್ನುತ್ತದೆ, 25 ವ್ಯಾಟಿನ ಡಿಸಿ ಪಂಪ್ 18 ಯೂನಿಟ್. ಯೂನಿಟಿಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 100 ರೂಪಾಯಿ ಉಳಿತಾಯ. ಇನ್ನೊಂದು ವಿಷಯ, ನೀರಿನೊಳಗೆ ಇಡುವ ಪಂಪಿನ ಬಿಸಿ ನೀರಿಗೇ ಸೇರುತ್ತದೆ. ಮಂಗಳೂರಿನ ಏಪ್ರಿಲ್–ಮೇ ಸೆಕೆಯಲ್ಲಿ ಇದು ಸಣ್ಣ ಸಂಗತಿ ಅಲ್ಲ.

ಕರೆಂಟ್ ಹೋದಾಗ

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಪಂಪ್ ನಿಂತ ಕೂಡಲೇ ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ನಮ್ಮ ಟ್ಯಾಂಕಿನಲ್ಲಿ 1 ಸೆಂ.ಮೀ. ನೀರು ಎಂದರೆ 5.4 ಲೀಟರ್. ಪೈಪಿನ ಬಾಯಿ 10 ಸೆಂ.ಮೀ. ಆಳದಲ್ಲಿದ್ದರೆ 54 ಲೀಟರ್ ಕೆಳಗೆ ಬಂದು, ಸಂಪ್ ತುಂಬಿ, ಮನೆಯೆಲ್ಲ ಉಪ್ಪುನೀರು!

- ಪೈಪಿನ ಬಾಯಿಯನ್ನು ನೀರಿನ ಮೇಲ್ಮಟ್ಟದ ಹತ್ತಿರವೇ ಇಡಿ. ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಸಣ್ಣ ತೂತು ಮಾಡಿದರೆ ಗಾಳಿ ಹೊಕ್ಕು ನೀರಿನ ಎಳೆತ ನಿಲ್ಲುತ್ತದೆ. ತೂತು ಕಟ್ಟದಂತೆ ಆಗಾಗ ನೋಡಿಕೊಳ್ಳಿ.
- ಸಂಪಿನಲ್ಲಿ ಇಳಿಯುವ ನೀರಿಗೆ ಜಾಗ ಖಾಲಿ ಬಿಡಿ. ಬೇಕೆಂದೇ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ.
- ನಾನ್ ರಿಟರ್ನ್ ವಾಲ್ವ್ ಒಂದನ್ನೇ ನಂಬಬೇಡಿ. ಕಸ, ಉಪ್ಪು ಕಟ್ಟಿದರೆ ಅದು ಮುಚ್ಚುವುದಿಲ್ಲ.
- ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ಮನೆಯಲ್ಲಿರಲಿ.
- 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಪಂಪ್ ಚಾಲೂ ಮಾಡಬೇಡಿ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ.

ಕಾನೂನೂ ಗೊತ್ತಿರಲಿ

ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಾಗಲಿ ಬೇರೆ ಕಡೆಯಿಂದಾಗಲಿ ಕಿತ್ತು ತಂದರೆ ಅಪರಾಧ. ಒಣ ಕಲ್ಲು, ಮರಿಕೇಂದ್ರದಲ್ಲಿ ಬೆಳೆಸಿದ ಕ್ಲೌನ್ ಮೀನಿನಿಂದ ಶುರು ಮಾಡಿ. ಮೀನು ಸಾಕಣೆಯ ಸಲಹೆ ಬೇಕಾದರೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಎಕ್ಕೂರಿನಲ್ಲೇ ಉಂಟು.

ಅಂಗಡಿಗೆ ಹೋಗುವ ಮೊದಲು ಮೂರು ಸಂಖ್ಯೆ ಮೊಬೈಲಿನಲ್ಲಿ ಬರೆದುಕೊಳ್ಳಿ: ಬೇಕಾದ ಲೀಟರ್, ನಿಮ್ಮ ಹೆಡ್, ಸಂಪಿನ ಖಾಲಿ ಜಾಗ. ರೇಟಿನ ಮಾತು ಆಮೇಲೆ.