ಗೆರೆಗಿಂತ ಮೊದಲು ಕಣ್ಣು

ಕಾರ್ಟೂನು ಬರೆಯುವ ಹುಡುಗ ಹುಡುಗಿಯರು ಸಿಕ್ಕಾಗ ಮೊದಲು ಕೇಳುವುದು ಸಲಕರಣೆಯ ಬಗ್ಗೆ: ಯಾವ ನಿಬ್ಬು ಸರ್, ಯಾವ ಟ್ಯಾಬ್ಲೆಟ್ಟು, ಯಾವ ಆ್ಯಪು? ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಪತ್ರಿಕೆಗಳಿಗೆ ಬರೆಯುತ್ತ ಬಂದ ಇಷ್ಟು ವರ್ಷಗಳಲ್ಲಿ ನನ್ನ ಕೈ ಸೋತದ್ದಕ್ಕಿಂತ ಕಣ್ಣು ಸೋತದ್ದೇ ಹೆಚ್ಚು. ಅಂಥ ಕೆಲವು ಸಂದರ್ಭಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಹೊಸಬರಿಗೆ ಒಂದೆರಡಾದರೂ ಉಪಯೋಗಕ್ಕೆ ಬಂದೀತು.

1. ಗೊತ್ತಿದೆ ಅಂದುಕೊಂಡದ್ದನ್ನೇ ಮತ್ತೆ ನೋಡಬೇಕು

ಬರಗಾಲದ ವರ್ಷವೊಂದರಲ್ಲಿ ಒಣ ಹೊಲ ಉಳುವ ರೈತನನ್ನು ಬರೆದಿದ್ದೆ. ಮುಖದ ಸುಕ್ಕಿಗೆ, ಬಿರುಕುಬಿಟ್ಟ ನೆಲಕ್ಕೆ ಬಹಳ ಶ್ರಮ ಹಾಕಿದ್ದೆ. ಮರುದಿನ ಕಚೇರಿಯ ಹಿರಿಯ ಅಟೆಂಡರೊಬ್ಬರು ಪತ್ರಿಕೆ ಹಿಡಿದುಕೊಂಡು ಬಂದು, "ಸಾರ್, ಮೇಳೀನ ಈಸಿನ ತುದೀಗೆ ಸಿಕ್ಸಿದೀರಲ್ಲ, ಇವ್ನು ಹೆಂಗೆ ಉಳ್ತಾನೆ?" ಎಂದರು. ಉಳುವವನ ಕೈಯಲ್ಲಿರಬೇಕಾದ ಮೇಳಿ ನೊಗದ ಕಡೆ ಹೋಗಿತ್ತು. ನೊಗ ಕೂಡ ಎತ್ತಿನ ಹೆಗಲ ಮೇಲಿರದೆ ಕೊರಳಿಗೆ ಜೋತುಬಿದ್ದಿತ್ತು. ಹಳ್ಳಿಯಲ್ಲೇ ಬೆಳೆದವನು, ನನಗೆ ನೇಗಿಲು ಗೊತ್ತಿಲ್ಲವೇ ಎಂಬ ಧೈರ್ಯದಲ್ಲಿ ನೆನಪಿನಿಂದ ಬರೆದಿದ್ದೆ. ಬರದ ಬಗ್ಗೆ ನಾನು ಹೇಳಹೊರಟದ್ದು ಉಳುಮೆ ಬಲ್ಲ ಓದುಗರಿಗೆ ಮುಟ್ಟಿರಲಾರದು. ಅವರ ಕಣ್ಣು ಮೇಳಿಯ ಹತ್ತಿರವೇ ನಿಂತಿರಬೇಕು.

ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಲ್ಲಿ ಹಿಡಿದ ಕಾಗೆಯ ಬೆನ್ನನ್ನು ದೊಡ್ಡ ಹೆಸರು ಬಂದ ಮೇಲೂ ಬಿಡಲಿಲ್ಲ. ಒಂದೇ ಹಕ್ಕಿಯನ್ನು ಅಷ್ಟು ಕಾಲ ನೋಡಿದ ಕಣ್ಣು ಮಂತ್ರಿಗಳ ಮೂಗನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿತು. ಆ ಅಟೆಂಡರ ಮಾತಿನ ನಂತರ ನಾನೂ ಸಣ್ಣ ಪುಸ್ತಕವೊಂದನ್ನು ಜೇಬಿನಲ್ಲಿಟ್ಟುಕೊಂಡೆ. ತಾಲ್ಲೂಕು ಕಚೇರಿಯ ವರಾಂಡದಲ್ಲಿ ಅರ್ಜಿ ಹಿಡಿದು ಕಾಯುವವರ ಬೆನ್ನು, ಮೆಜೆಸ್ಟಿಕ್ಕಿನಲ್ಲಿ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸುವ ತಾಯಿ, ಟೋಪಿ ತೆಗೆದು ಹಣೆ ಒರೆಸಿಕೊಳ್ಳುವ ಪೇದೆ, ಇವನ್ನು ಬರೆದುಕೊಳ್ಳುತ್ತೇನೆ. ಸಂಜೆಯ ಡೆಡ್‌ಲೈನಿನ ಹೊತ್ತಿಗೆ ನನ್ನನ್ನು ಕಾಯುವುದು ಆ ಪುಸ್ತಕ.

2. ಅಚ್ಚಾದ ಮೇಲೆ ಕಾಣುವುದೇ ಚಿತ್ರ

ಆರಂಭದಲ್ಲಿ ಎ3 ಅಳತೆಯ ಐವರಿ ಶೀಟಿನ ಮೇಲೆ, ಸಣ್ಣ ನಿಬ್ಬಿನಲ್ಲಿ ಗೆರೆಯ ಮೇಲೆ ಅಡ್ಡಗೆರೆ ಎಳೆದು ನೆರಳು ತುಂಬುತ್ತಿದ್ದೆ. ಮೇಜಿನ ಮೇಲೆ ಅದು ಸೊಗಸಾಗಿ ಕಾಣುತ್ತಿತ್ತು. ಒಂದು ಕಾಲಮ್ಮಿಗೆ, ಅಂದರೆ ನಾಲ್ಕೈದು ಸೆಂಟಿಮೀಟರಿಗೆ ಇಳಿದು ಅಚ್ಚಾದಾಗ ಮುಖ್ಯಮಂತ್ರಿಯ ಮುಖವಿದ್ದ ಕಡೆ ಬರೀ ಮಸಿ. ಅಚ್ಚಿನ ವಿಭಾಗದವರ ಮೇಲೆ ರೇಗುತ್ತಿದ್ದೆ. ಒಂದು ರಾತ್ರಿ ಅಲ್ಲಿನ ಹಿರಿಯರೊಬ್ಬರು ಕೆಳಗೆ ಕರೆದುಕೊಂಡು ಹೋಗಿ, ಕೈಗೆ ಭೂತಗನ್ನಡಿ ಕೊಟ್ಟು, ಪುಟ ತೋರಿಸಿದರು. ನ್ಯೂಸ್‌ಪ್ರಿಂಟು ಒರಟು ಕಾಗದ. ಮಸಿ ಹೀರಿ ಹರಡಿಸುತ್ತದೆ. ಪ್ರತಿಯೊಂದು ಗೆರೆಯೂ ಎಳೆದದ್ದಕ್ಕಿಂತ ದಪ್ಪಗಾಗಿ, ನಡುವಿನ ಬಿಳಿ ಮುಚ್ಚಿಹೋಗುತ್ತದೆ.

ಅವರು ಸತುವಿನ ಬ್ಲಾಕುಗಳ ಕಾಲ ಕಂಡವರು. ಆಗ ಚಿತ್ರವನ್ನು ಫೋಟೋ ತೆಗೆದು ಸತುವಿನ ತಗಡಿಗೆ ಇಳಿಸಿ, ಗೆರೆ ಇಲ್ಲದ ಜಾಗವನ್ನು ಆಸಿಡ್ಡಿನಿಂದ ಕೊರೆಯುತ್ತಿದ್ದರು. ಗೆರೆ ತೀರ ತೆಳುವಾದರೆ ಆಸಿಡ್ಡು ಅದನ್ನೂ ತಿಂದುಬಿಡುತ್ತಿತ್ತು. ಹಳೆಯ ಕಾರ್ಟೂನಿಸ್ಟರ ದಪ್ಪ ಬ್ರಷ್ ಗೆರೆಯನ್ನು ನಾನು ಶೈಲಿಯೆಂದಷ್ಟೇ ತಿಳಿದು ಮೆಚ್ಚಿದ್ದೆ. ಬ್ಲಾಕು ಮಾಡುವವರ ಕಷ್ಟ ಬಲ್ಲವರ ಗೆರೆ ಅದು ಎಂಬುದು ಆ ರಾತ್ರಿ ಗೊತ್ತಾಯಿತು.

ಒಂದೇ ಕಾಲಮ್ಮಿನ ಅಗಲದ ಪಾಕೆಟ್ ಕಾರ್ಟೂನನ್ನು 1939ರಲ್ಲಿ ಲಂಡನ್ನಿನ ಡೈಲಿ ಎಕ್ಸ್‌ಪ್ರೆಸ್‌ನಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ಶುರುಮಾಡಿದರು. ಲಕ್ಷ್ಮಣರ 'ಯು ಸೆಡ್ ಇಟ್' 1951ರಲ್ಲಿ ಬಂತು. ಬೆಂಗಳೂರಿನ ಓದುಗರಿಗೆ ಡೆಕ್ಕನ್ ಹೆರಾಲ್ಡಿನ ರಾಮಮೂರ್ತಿಯವರ 'ಮಿಸ್ಟರ್ ಸಿಟಿಜನ್' ನೆನಪಿರುತ್ತದೆ. ಈಗ ಮೊಬೈಲ್ ಪರದೆ ನಮ್ಮನ್ನು ಹೆಚ್ಚುಕಡಿಮೆ ಅದೇ ಅಗಲಕ್ಕೆ ವಾಪಸು ತಂದಿದೆ, ಆದ್ದರಿಂದ ಈ ಹಿರಿಯರ ಚಿತ್ರಗಳು ಇವತ್ತಿನವರಿಗೆ ಒಳ್ಳೆಯ ಪಠ್ಯ. ಎಷ್ಟನ್ನು ಬಿಟ್ಟಿದ್ದಾರೆ ಎಂದು ನೋಡಿ. ನಾನೀಗ ಪೆನ್ಸಿಲ್ ಹಂತದಲ್ಲೇ ಚಿತ್ರದ ಫೋಟೋ ತೆಗೆದು, ಹೆಬ್ಬೆರಳಿನಷ್ಟಕ್ಕೆ ಇಳಿಸಿ, ಕೈಚಾಚಿ ಹಿಡಿದು ನೋಡುತ್ತೇನೆ. ಯಾರು ಯಾರಿಗೆ ಮಾತಾಡುತ್ತಿದ್ದಾರೆಂದು ತಿಳಿಯದಿದ್ದರೆ ಇಂಕು ಹಾಕುವುದಿಲ್ಲ.

3. ಮೊದಲು ಮಾತು ಬರೆಯಿರಿ, ಬಲೂನು ಆಮೇಲೆ

ಇಂಗ್ಲಿಷಿನಿಂದ ಬಂದ ಕಾಮಿಕ್ಸ್ ಪುಸ್ತಕವೊಂದಕ್ಕೆ ಕನ್ನಡ ಅಕ್ಷರ ತುಂಬುವ ಕೆಲಸ ಒಮ್ಮೆ ಸಿಕ್ಕಿತ್ತು. ಇಂಗ್ಲಿಷ್ ಬಲೂನಿನೊಳಗೆಲ್ಲ ದೊಡ್ಡಕ್ಷರ, ಎಲ್ಲಕ್ಕೂ ಒಂದೇ ಎತ್ತರ. ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ' ಎಂದು ಬರೆದರೆ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ನಾನು ಅಕ್ಷರವನ್ನು ಕುಗ್ಗಿಸಿ ಕುಗ್ಗಿಸಿ ತುರುಕಿದೆ. ಪುಸ್ತಕ ಬಂದ ಮೇಲೆ ನಮ್ಮ ಮನೆಯ ಮಕ್ಕಳೇ ಚಿತ್ರ ನೋಡಿ, ಮಾತು ಬಿಟ್ಟು, ಪುಟ ತಿರುಗಿಸಿದರು. ನಾನು ಕುಗ್ಗಿಸಬೇಕಿದ್ದದ್ದು ಮಾತನ್ನು. ಅನುವಾದಕರ ಜೊತೆ ಕೂತು ಪ್ರತಿ ಬಲೂನಿಗೂ ಚಿಕ್ಕ ವಾಕ್ಯ ಹುಡುಕಬೇಕಿತ್ತು.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರ ಕಥಾ ಆರಂಭಿಸಿದ ಮೇಲೆ ಕನ್ನಡದ ಎಷ್ಟೋ ಮಕ್ಕಳ ಕೈಗೆ ಕಾಮಿಕ್ಸ್ ಬಂತು, ಅದರ ಋಣ ನನ್ನ ಮೇಲೂ ಇದೆ. ಆದರೆ ಕನ್ನಡದಲ್ಲೇ ಹುಟ್ಟಿ, ಧಾರವಾಡದ ಮಾತೋ ಮಂಗಳೂರಿನ ಮಾತೋ ಆರಾಮವಾಗಿ ಕೂರುವಷ್ಟು ಜಾಗ ಬಿಟ್ಟು ಬರೆದ ಕಾಮಿಕ್ಸ್ ಇಂದಿಗೂ ಕಡಿಮೆ. ಈ ಕೊರತೆ ನನ್ನನ್ನು ಬಹಳ ಕಾಡುತ್ತದೆ. ಹೊಸಬರು ಇಲ್ಲಿ ಕೈಹಾಕಬೇಕು.

4. ಚಿತ್ರದಲ್ಲಿ ಯಾರು ಕಾಣುತ್ತಿಲ್ಲ ಎಂದು ಕೇಳಿಕೊಳ್ಳಬೇಕು

2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ, ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆಯುತ್ತಿತ್ತು. ರಾಶಿಗೆ ಒರಗಿ ತೂಕಡಿಸುವ ಪೌರಕಾರ್ಮಿಕ ಹೆಂಗಸನ್ನು ಬರೆದೆ. ಚೆನ್ನಾಗಿದೆ ಎಂದು ಫೋನುಗಳು ಬಂದವು. ನಮ್ಮ ಬೀದಿ ಗುಡಿಸುವ ಅಕ್ಕ ಯಾರದೋ ಮನೆಯ ಬಾಗಿಲಲ್ಲಿ ಅದನ್ನು ನೋಡಿದ್ದರು. "ರಾತ್ರಿ ತಂದು ಸುರಿಯೋರ್ನ ಯಾಕೆ ಬರೀಲಿಲ್ಲ ಸಾರ್? ಅವ್ರನ್ನ ನೀವು ನೋಡಿಲ್ವಾ?" ಎಂದು ಕೇಳಿದರು.

ನಾನು ನೋಡಿದ್ದೆ. ಸ್ಕೂಟರಿನಲ್ಲಿ ಬಂದು ಕವರು ಎಸೆದು ಹೋಗುವವರು ನನ್ನಂಥವರೇ, ನನ್ನ ಓದುಗರೇ. ಊರ ಪಕ್ಕದಲ್ಲೇ ಕಸದ ಗುಡ್ಡ ಎದ್ದದ್ದನ್ನು ಸಹಿಸಿಕೊಂಡ ಮಾವಳ್ಳಿಪುರದ ಜನ ಆ ಚಿತ್ರದಲ್ಲಿರಲಿಲ್ಲ, ಯೋಜನೆಯಿಲ್ಲದೆ ನಗರ ಬೆಳೆಸಿದವರೂ ಇರಲಿಲ್ಲ. ಪತ್ರಿಕೆಗೆ ಪತ್ರ ಬರೆದು ಜಗಳ ಆಡಲಾರದ ಒಬ್ಬ ಹೆಂಗಸು ಮಾತ್ರ ಇದ್ದರು. ಅವರಲ್ಲಿ ಕ್ಷಮೆ ಕೇಳಿದೆ. ಆಮೇಲೆ ಹಳೆಯ ಕಟಿಂಗುಗಳನ್ನೆಲ್ಲ ತೆಗೆದು ಕೂತೆ. ಉಗ್ಗುವವರು, ದಪ್ಪಗಿದ್ದವರು, ಲಟ್ಟಣಿಗೆ ಹಿಡಿದ ಹೆಂಡತಿ, ನಾಚಿಕೆಯಾಗುವಷ್ಟು ಇದ್ದವು. ನಮ್ಮ ವೃತ್ತಿಯಲ್ಲಿ ಹೆಂಗಸರು ಬೆರಳೆಣಿಕೆಯಷ್ಟೇ ಇರುವುದೂ ಇದಕ್ಕೊಂದು ಕಾರಣ. ಬೆಂಗಳೂರಿನಲ್ಲಿದ್ದು ರಾಜಕೀಯ ಕಾರ್ಟೂನು ಬರೆದು 2001ರಲ್ಲಿ ತೀರಿಕೊಂಡ ಮಾಯಾ ಕಾಮತ್ ಅವರ ಚಿತ್ರಗಳನ್ನು ಆಗ ಹುಡುಕಿ ನೋಡಿದೆ. ಹೊಸ ಹುಡುಗಿಯರಿಗೆ ಇವತ್ತಿಗೂ ಅವರ ಹೆಸರನ್ನೇ ಮೊದಲು ಹೇಳುತ್ತೇನೆ.

5. ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆದಿರುತ್ತದೆ

2019ರ ಜುಲೈಯಲ್ಲಿ ಶಾಸಕರು ಮುಂಬೈ ಹೋಟೆಲು ಸೇರಿ ಸರ್ಕಾರ ಅಲುಗಾಡುತ್ತಿದ್ದಾಗ ನಾನು ಬರೆದದ್ದು ಕಾಲು ಮುರಿದ ಕುರ್ಚಿ. ಬೆಳಗ್ಗೆ ಬೇರೆ ಪತ್ರಿಕೆಗಳನ್ನು ಬಿಡಿಸಿದರೆ ಅಲ್ಲೂ ಕುರ್ಚಿ. ಈಗ ಮೊದಲ ಯೋಚನೆಯನ್ನು ಕಾಗದದ ಮೂಲೆಯಲ್ಲಿ ಬರೆದಿಟ್ಟು ಪಕ್ಕಕ್ಕೆ ಸರಿಸುತ್ತೇನೆ. ಬೇರೆ ಏನೂ ಹೊಳೆಯದ ದಿನ ಅದನ್ನೇ ಬಳಸಿದ್ದೂ ಉಂಟು.

6. ಮೂಲಚಿತ್ರವನ್ನೂ ಕಾಗದಪತ್ರವನ್ನೂ ಕಾಪಾಡಿಕೊಳ್ಳಿ

ಹೊರಗಿನಿಂದ ಬರೆಯುತ್ತಿದ್ದಾಗ ವಾರಪತ್ರಿಕೆಯೊಂದಕ್ಕೆ ಮೂಲಚಿತ್ರಗಳನ್ನೇ ಕೊಡುತ್ತಿದ್ದೆ, ವಾಪಸು ಕೇಳಲು ಸಂಕೋಚ. ಪತ್ರಿಕೆ ನಿಂತಾಗ ಅವು ರದ್ದಿಗೆ ಹೋದವು. ಮತ್ತೊಮ್ಮೆ, ಓದದೆ ಸಹಿ ಹಾಕಿದ ಹಾಳೆಯಿಂದಾಗಿ ನನ್ನ ಚಿತ್ರ ಪುಸ್ತಕದ ಮುಖಪುಟಕ್ಕೂ ಕ್ಯಾಲೆಂಡರಿಗೂ ಹೋಯಿತು, ನನಗೆ ಸಿಕ್ಕಿದ್ದು ಒಂದೇ ಸಲದ ಸಂಭಾವನೆ. ಚಿತ್ರವನ್ನು ಅಷ್ಟು ನೋಡುವವನು ಆ ಹಾಳೆಯನ್ನು ನೋಡಿರಲಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆ ನಮ್ಮ ಪರವಾಗಿ ಕೆಲವು ಮಾತು ಹೇಳುತ್ತದೆ. ಪತ್ರಿಕೆಯ ನೌಕರಿಯಲ್ಲಿದ್ದು, ಅದರಲ್ಲಿ ಪ್ರಕಟಿಸಲೆಂದೇ ಬರೆದ ಚಿತ್ರವನ್ನು ಪತ್ರಿಕೆಗಳಲ್ಲಿ ಹಾಕುವ ಹಕ್ಕು ಮಾಲೀಕರದು. ಬೇರೆ ಒಪ್ಪಂದ ಇಲ್ಲದಿದ್ದರೆ ಉಳಿದ ಹಕ್ಕು ಬರೆದವರದು. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಅರ್ಥ. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಯೇ 2019ರಲ್ಲಿ ತನ್ನ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ದಿನನಿತ್ಯದ ರಾಜಕೀಯ ಕಾರ್ಟೂನು ನಿಲ್ಲಿಸಿತು. ಕಾರ್ಟೂನಿಸ್ಟರಿಗೆ ಕಾಯಂ ಕೆಲಸ ಅಪರೂಪವಾಗುತ್ತಿರುವಾಗ ಹಳೆಯ ಚಿತ್ರವೇ ನಮ್ಮ ಆಸ್ತಿ. ಚಿತ್ರ ಕಳಿಸುವ ಇಮೇಲಿನಲ್ಲೇ ಎರಡು ಸಾಲು ಸೇರಿಸಿ: ಯಾವ ಪತ್ರಿಕೆಗೆ, ಎಷ್ಟು ಸಲ ಬಳಸಲು ಕೊಡುತ್ತಿದ್ದೀರಿ ಎಂದು. ಇದಕ್ಕೆ ಸಿಟ್ಟಾದ ಸಂಪಾದಕರನ್ನು ನಾನು ಕಂಡಿಲ್ಲ. ಉತ್ತರವೇ ಕೊಡದವರು ಇದ್ದರು, ಅವರಿಗೆ ಕಳಿಸುವುದನ್ನು ಬಿಟ್ಟೆ.