ಯೂನಿವರ್ಸಿಟಿ ಕಚೇರಿಗೆ ಹೊರಟಿರಾ? ಸ್ವಲ್ಪ ನಿಲ್ಲಿ

ಮಗನ ಅಂಕಪಟ್ಟಿಗೆಂದು, ಆಮೇಲೆ ತಂಗಿಯ ಮಗಳ ಮೈಗ್ರೇಷನ್ ಸರ್ಟಿಫಿಕೇಟಿಗೆಂದು ಪರೀಕ್ಷಾಂಗದ ಮೆಟ್ಟಿಲು ಸಾಕಷ್ಟು ಹತ್ತಿಳಿದಿದ್ದೇನೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಮಕ್ಕಳೇ. ಆದರೂ ಇಷ್ಟು ಕೇಳಿಸಿಕೊಂಡು ಹೊರಡಿ.

• ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ. ಬಸ್ಸು ಹತ್ತುವ ಮುಂಚೆ ಕ್ಯಾಲೆಂಡರ್ ನೋಡಿ, ಇಲ್ಲದಿದ್ದರೆ ಬಸ್ ಚಾರ್ಜು ದಂಡ.

• ಮೊದಲ ಸೆಮಿಸ್ಟರಿನ ಅಂಕಪಟ್ಟಿ ಬಂದ ದಿನವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪಕ್ಕ ಇಟ್ಟು ಹೆಸರು, ಇನಿಷಿಯಲ್ ಓದಿ. ಕೊನೆಯ ವರ್ಷ ತಪ್ಪು ಕಂಡರೆ ಅಷ್ಟೂ ಅಂಕಪಟ್ಟಿ ತಿದ್ದಿಸಬೇಕಾಗುತ್ತದೆ.

• ಜೆರಾಕ್ಸ್ ಎರಡು ಸೆಟ್, ನಾಲ್ಕು ಫೋಟೊ, ಪೆನ್ನು, ಗೋಂದು ಮನೆಯಿಂದಲೇ ಒಯ್ಯಿರಿ. ಮೂಲ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಮುಂದೆ ಅದರ ಹಿಂದೆ ಸೀಲು ಹಾಕಲು ಬರುವುದಿಲ್ಲ.

• ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿದ ಕೂಡಲೇ ರಸೀದಿ ಪ್ರಿಂಟ್ ತೆಗೆಯಿರಿ. ದುಡ್ಡು ಹೋಗಿ, ಅಲ್ಲಿ ಜಮಾ ತೋರಿಸದಿದ್ದರೆ ಆ ರಸೀದಿಯ ನಂಬರೇ ನಿಮ್ಮ ಸಾಕ್ಷಿ.

• ಬಾಯಲ್ಲಿ ಹೇಳಿ ಬರಬೇಡಿ. ಇದೊಂದನ್ನು ಗಟ್ಟಿಯಾಗಿ ನೆನಪಿಡಿ. ಅರ್ಜಿ ಎರಡು ಪ್ರತಿ ಬರೆದು, ಕಚೇರಿಯ ಟಪಾಲು ವಿಭಾಗದಲ್ಲಿ ಒಂದು ಕೊಟ್ಟು, ನಿಮ್ಮ ಪ್ರತಿಗೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ತಂಗಿಯ ಮಗಳು ಮೂರು ಸಲ ಹೋಗಿ ಒಬ್ಬ ಗುಮಾಸ್ತರಿಗೆ ಹೇಳಿ ಬಂದಿದ್ದಳು. ನಾಲ್ಕನೇ ಸಲ ಹೋದಾಗ ಅವರಿಗೆ ವರ್ಗವಾಗಿತ್ತು. ಹೊಸಬರು "ಯಾವ ಅರ್ಜಿಯಮ್ಮಾ?" ಎಂದರು. ಹುಡುಗಿ ದಾರಿಯುದ್ದಕ್ಕೂ ಅತ್ತಳು.

• ಫಲಿತಾಂಶ ಬಂದ ದಿನವೇ ಮರುಮೌಲ್ಯಮಾಪನದ ಕೊನೆಯ ತಾರೀಕು ಬರೆದಿಟ್ಟುಕೊಳ್ಳಿ. ಮೊದಲು ಉತ್ತರಪತ್ರಿಕೆಯ ನಕಲು ತರಿಸಿ ನೋಡಿ, ಸುಮ್ಮನೆ ದುಡ್ಡು ಹೋಗುವುದು ತಪ್ಪುತ್ತದೆ. ನಿಮ್ಮ ಉತ್ತರಪತ್ರಿಕೆ ನೋಡುವ ಹಕ್ಕು ನಿಮಗಿದೆ ಎಂದು ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿದೆ.

• ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಸದ್ದಿಲ್ಲವೇ? ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಬರೆಯಿರಿ. "ಯಾಕೆ ತಡ?" ಎಂದು ಜಗಳಕ್ಕಿಳಿಯಬೇಡಿ. "ಇಂಥ ನಂಬರಿನ ಅರ್ಜಿಯ ಮೇಲೆ ಯಾವ ತಾರೀಕು ಏನು ಕ್ರಮವಾಗಿದೆ, ಕಡತದ ನಕಲು ಕೊಡಿ" ಎನ್ನಿ. 30 ದಿನದಲ್ಲಿ ಉತ್ತರ ಕೊಡಬೇಕು.

• ಬೇಗ ಮಾಡಿಸಿಕೊಡುತ್ತೇನೆ ಎಂದು ಗೇಟಿನಲ್ಲಿ ನಿಂತವರಿಗೆ ದುಡ್ಡು ಕೊಡಬೇಡಿ. ಅದಕ್ಕೆ ರಸೀದಿ ಇರುವುದಿಲ್ಲ.

• ಬುತ್ತಿ ಕಟ್ಟಿಕೊಂಡು ಹೋಗಿ. ಕ್ಯಾಂಟೀನಿಗೆ ಹೋಗಿ ಬರುವಷ್ಟರಲ್ಲಿ ಸಾಲಿನ ಜಾಗ ಹೋಗಿರುತ್ತದೆ. ಆ ದಿನ ಕೆಲಸ ಆಗದಿದ್ದರೂ ಮನೆಗೆ ಬಂದು ಹೇಳಿ, ಒಬ್ಬರೇ ಹಾಸ್ಟೆಲ್ ಕೋಣೆಯಲ್ಲಿ ಕೊರಗುತ್ತಾ ಕೂರಬೇಡಿ.